ಕಾಡಿಗೆ ಹಚ್ಚಿದ ಕೈ

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರು ಕೆಲಸದಿಂದ ಬಂದ ಕೂಡಲೇ ಮಗುವನ್ನು ಎತ್ತಿಕೊಳ್ಳುವುದಿಲ್ಲ. ಮೊದಲು ಕೈಗೆ ಶೇಂಗಾ ಎಣ್ಣೆ ಸವರಿ, ಬೂದಿ ಹಾಕಿ ತಿಕ್ಕಿ ತೊಳೆಯುತ್ತಾರೆ. ಬರೀ ನೀರಿಗೆ ಖಾರ ಹೋಗುವುದಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಅವ್ವ ಕಲಿಸಿದ ಪಾಠ ಇದು.

ಅವ್ವ ತೀರಿಕೊಂಡಿದ್ದಳು. ಗಂಡ ಸತ್ತು ನಾನು ತವರಿಗೆ ಮರಳಿದ್ದೆ. ಮನೆಯಲ್ಲಿ ಅಪ್ಪ, ನಾನು, ತಂಗಿ. ಅವಳು ನನ್ನ ಪಕ್ಕ ಮಲಗಿ, ಏನಾದರೊಂದು ಹೇಳುತ್ತಲೇ ನಿದ್ದೆ ಹೋಗುತ್ತಿದ್ದಳು. ರಾಣೆಬೆನ್ನೂರಿನಿಂದ ಅವಳನ್ನು ನೋಡಲು ಬರುತ್ತಾರೆಂದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಖಾಲಿಯಾಗುವ ಹಾಸಿಗೆ. ಹುಡುಗನ ಫೋಟೋ ನೋಡಿ ತಂಗಿ ಒಪ್ಪಿದ್ದಳು. ನನಗೊಬ್ಬಳಿಗೇ ಅದನ್ನು ಹೇಳಿಯೂ ಇದ್ದಳು.

ಆ ದಿನ ಗಂಡಿನವರು ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ನಾನು ತೊಟ್ಟು ಮುರಿಯುವುದನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದೆ.

"ಅಕ್ಕಾ, ಕಾಡಿಗಿ ನೀನ ಹಚ್ಚು. ನನಗ ನೆಟ್ಟಗ ಬರಂಗಿಲ್ಲ" ಎಂದಳು ತಂಗಿ.

ಎಣ್ಣೆಯ ಬಾಟಲಿ ಗೋಡೆಯ ಗೂಡಿನಲ್ಲೇ ಇತ್ತು. ಅದನ್ನು ನೋಡಿದೆ. ಬರೀ ನೀರಿನಲ್ಲಿ ಕೈ ತೊಳೆದು ಅವಳ ಎರಡೂ ಕಣ್ಣಿಗೆ ಕಾಡಿಗೆ ಎಳೆದೆ.

ಚಹಾ ಹಿಡಿದು ಹೋದವಳ ಕಣ್ಣಿಂದ ನೀರು ಸುರಿಯತೊಡಗಿತು. ಕಾಡಿಗೆ ಕೆನ್ನೆಗೆ ಇಳಿಯಿತು. ಹಿರಿಯರ ಮುಂದೆ ಹುಡುಗಿ ತಾನಾಗಿ ಬಾಯಿ ಬಿಡುವಂತಿರಲಿಲ್ಲ. ಹುಡುಗನ ಸೋದರಮಾವ ಬಟ್ಟಲು ಕೆಳಗಿಟ್ಟು ಅಪ್ಪನಿಗೆ ಮೆಲ್ಲಗೆ ಹೇಳಿದ: "ಹುಡುಗಿಗೆ ಮನಸಿಲ್ಲಂತ ಕಾಣ್ತೈತ್ರಿ. ಅಳಿಸಿ ಕರಕೊಂಡು ಹೋಗೋದು ನಮಗೂ ಬ್ಯಾಡ."

ಒಳ್ಳೆಯ ಜನ. ಬಾಗಿಲ ಮರೆಯಲ್ಲಿದ್ದ ನಾನು, ನನ್ನ ಖಾರದ ಕೈ ತಾಗಿದೆ ಎಂದಿದ್ದರೆ ಅವರು ನಕ್ಕು ಮತ್ತೆ ಕೂರುತ್ತಿದ್ದರು. ಹೇಳಲಿಲ್ಲ. ಅವರು ಹೋದ ಮೇಲೆ ಅಪ್ಪ, ಕಾಡಿಗೆಯೇ ಕೆಟ್ಟದ್ದೆಂದು ಡಬ್ಬಿಯನ್ನು ಚರಂಡಿಗೆ ಎಸೆದ. ಬೇಡವೆಂದು ಎದ್ದುಹೋದವರ ಹಿಂದೆ ಹೋಗುವವನಲ್ಲ ಅವನು. ಆಗಲೂ ನಾನು ಹೇಳಲಿಲ್ಲ. ಅವಸರದಲ್ಲಿ ಮರೆತೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಬಾಟಲಿ ನೋಡಿದ್ದು ನೆನಪಿರುವಾಗ ಅದು ಮರೆವು ಹೇಗಾದೀತು?

ಮುಂದೆ ತಂಗಿ ಹಾವೇರಿಗೆ ಮದುವೆಯಾಗಿ ಹೋದಳು. ಗಂಡ ಸಿಡುಕ, ಆದರೆ ದುಡಿಯುವವನು. ಅಪ್ಪನೂ ತೀರಿಕೊಂಡ. ಯಾವುದಕ್ಕೆ ಹೆದರಿದ್ದೆನೋ ಅದು ಹೇಗೂ ಬಂತು.

ಊರಲ್ಲೆಲ್ಲ ಕೇಬಲ್ ಟಿವಿ ಬಂದ ಕಾಲಕ್ಕೆ, ಹಾವೇರಿಗೆ ಹೋಗಿದ್ದಾಗ ಅವಳ ಮನೆಯಲ್ಲಿ ಒಂದು ಹೊರದೇಶದ ಸಿನಿಮಾ ನೋಡಿದೆವು. ಭಾಷೆ ತಿಳಿಯದ ನಮಗೆ ತಂಗಿಯ ಮಗಳು ಕಥೆ ಹೇಳುತ್ತಿದ್ದಳು. ಒಬ್ಬ ಯಂತ್ರದಲ್ಲಿ ಕೂತು ಕಳೆದುಹೋದ ದಿನಕ್ಕೆ ಹೋಗುತ್ತಾನೆ, ತನ್ನ ತಪ್ಪು ತಿದ್ದುತ್ತಾನೆ, ಮರಳಿ ಬಂದರೆ ಇಲ್ಲಿ ಮತ್ತೇನೋ ಕಳೆದುಹೋಗಿರುತ್ತದೆ. ಸಿನಿಮಾ ಮುಗಿಯುವ ಮೊದಲೇ ನಾನು ತಂಗಿಗೆ ಎಲ್ಲ ಹೇಳಿಬಿಟ್ಟೆ. ಎಣ್ಣೆ, ಬಾಟಲಿ, ಹಾಸಿಗೆ, ಎಲ್ಲ.

ಅವಳು ಎದ್ದು ಟಿವಿ ಆರಿಸಿದಳು. ಆಮೇಲೆ ಮಗಳ ಜಡೆ ಹಿಡಿದೆಳೆದು, "ಹಿಂದ ಹೋಗಿ ಅದನ್ನ ಸರಿ ಮಾಡಿದ್ರ ಇಕಿ ಎಲ್ಲಿರ್ತಿದ್ಲು?" ಎಂದಳು. "ಏಳಕ್ಕಾ, ರೊಟ್ಟಿ ಆರಾಕತ್ತಾವು."

ನಾನು ಇಷ್ಟು ವರ್ಷ ಕಾದದ್ದು ಬೈಗುಳಕ್ಕೆ. ಅದು ಸಿಗಲಿಲ್ಲ.

ಅಂಥ ಇನ್ನೆರಡು ಸಿನಿಮಾ ಆಮೇಲೆ ನೋಡಿದೆ. ಹಿಂದೆ ಹೋಗುವವನಿಗೆ ಮುಂದಾಗುವುದು ತಿಳಿದಿರುತ್ತದೆ, ಅದೇ ಅವನ ಬಲ. ನನಗೆ ಆ ದಿನವೇ ತಿಳಿದಿತ್ತು. ಇಲ್ಲದೆ ಹೋದದ್ದು ಅವಳನ್ನು ಬಿಟ್ಟುಕೊಡುವ ಮನಸ್ಸು. ಮತ್ತೆ ಅಲ್ಲಿಗೆ ಹೋದರೂ ಅದೇ ಹೆದರಿಕೆಯ ಹೆಂಗಸೇ ಹೋಗುತ್ತಿದ್ದಳು.

ಈಗಲೂ ಸಂಜೆ ಬೀಗ ತೆಗೆದು ಒಳಗೆ ಬಂದವಳೇ ಮೊದಲು ಕೈಗೆ ಎಣ್ಣೆ ಸವರುತ್ತೇನೆ, ಬೂದಿಯಲ್ಲಿ ತಿಕ್ಕುತ್ತೇನೆ. ಮುಟ್ಟಲು ಮನೆಯಲ್ಲಿ ಯಾರ ಕಣ್ಣೂ ಇಲ್ಲ.