ಐದು ಗಂಟೆಯ ಲೈನು

ಗುರುವಾರ, ಸಂಜೆ ಐದು ಗಂಟೆ. ಲೈನಿನಲ್ಲಿ ಹಾಜರಿದ್ದವರು ಇಬ್ಬರು: ಹಾನಗಲ್ಲಿನಿಂದ ಮಗಳು, ಸವಣೂರಿನಿಂದ ನಾನು. ಬರಬೇಕಾಗಿದ್ದ ಮೂರನೆಯವರು ಆಕೆಯ ತಂದೆ, ನಮ್ಮ ಓಣಿಯ ತುದಿಯ ಹಿಟ್ಟಿನ ಗಿರಣಿಯವರು. ನಾವೆಲ್ಲ ಅವರನ್ನು ಗಿರಣಿ ಚಾಚಾ ಎನ್ನುತ್ತಿದ್ದೆವು.

ಚಾಚಾ ಅವರ ಕಣ್ಣಿನ ರೆಪ್ಪೆಗಳು ಸದಾ ಬೆಳ್ಳಗೆ. ಹುಬ್ಬು, ಕಿವಿಯ ಮಡಿಕೆ, ಕೊರಳಿನ ಗೆರೆ, ಎಲ್ಲ ಕಡೆಗೂ ಜೋಳದ ಹಿಟ್ಟು. ಕಣ್ಣು ಮಿಟುಕಿಸಿದರೆ ಕೆನ್ನೆಗೆ ಉದುರುತ್ತಿತ್ತು. ಹರೆಯದಿಂದಲೂ ಕಲ್ಲು ಮತ್ತು ಮೋಟಾರಿನ ನಡುವೆ ನಿಂತು ಎರಡೂ ಕಿವಿ ಕಳೆದುಕೊಂಡಿದ್ದರು. ಮೊದಲು ಎಡಗಡೆಯದು ಹೋಯಿತು, ಆಮೇಲೆ ಬಲಗಡೆಯದು. ಕಿವಿಗೆ ಯಂತ್ರ ಹಾಕಿಸಿ ನೋಡಿದರು. ಸದ್ದು ಬಂತು, ಮಾತು ಬರಲಿಲ್ಲ. ಬಾಯಿಗೆ ಮಾತ್ರ ಕೊರತೆಯಿರಲಿಲ್ಲ. ಗಿರಾಕಿಗಳು ಹಲಗೆಯ ಮೇಲೆ ಚೆಲ್ಲಿದ ಹಿಟ್ಟಿನಲ್ಲಿ ಬೆರಳಿನಿಂದ ‘ಸಣ್ಣಗೆ’ ಎಂದೋ ‘ರವೆ’ ಎಂದೋ ಬರೆದರೆ, ಚಾಚಾ ಇಡೀ ಓಣಿಗೆ ಕೇಳುವಂತೆ ಉತ್ತರಿಸುತ್ತಿದ್ದರು.

ಅವರ ಗಿರಣಿಯಲ್ಲಿ ಪಾಳಿ ತಪ್ಪುತ್ತಿರಲಿಲ್ಲ. ಡಬ್ಬಿಗಳು ಬಂದ ಸರತಿಯಲ್ಲೇ ನೆಲದ ಮೇಲೆ ಸಾಲಾಗಿ ಕೂರಬೇಕು. ಒಮ್ಮೆ ಊರಿನ ದೊಡ್ಡ ಜಮೀನುದಾರರೊಬ್ಬರ ಆಳು ಡಬ್ಬಿಯನ್ನು ಮುಂದಕ್ಕೆ ಸರಿಸಿದಾಗ ಚಾಚಾ ಅದನ್ನೆತ್ತಿ ಮತ್ತೆ ಹಿಂದಕ್ಕಿಟ್ಟರು. “ಸಾವ್ಕಾರ್ರ ಡಬ್ಬಿಗೇನು ಬ್ಯಾರೆ ಹೊಟ್ಟಿ ಐತೇನೋ? ಪಾಳಿ ಅಂದ್ರ ಪಾಳಿ. ನನ್ನ ಮನಿ ಜ್ವಾಳನೂ ಅಲ್ಲೇ ಕುಂತೈತಿ, ಆರನೇದು. ನೋಡು ಹೋಗು,” ಎಂದರು. ನಿಜಕ್ಕೂ ಆರನೆಯದೇ ಆಗಿತ್ತು.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದೂರಿನ ಕರೆ ಕೂಡಿಸುವ ಟ್ರಂಕ್ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಅದು ಗೊತ್ತಿದ್ದೇ ಚಾಚಾ ಒಂದು ದಿನ ಫೋನು ಹಿಡಿದು ಬಂದರು. ಹೆಂಡತಿ ತೀರಿಕೊಂಡಿದ್ದರು, ಇದ್ದೊಬ್ಬ ಮಗಳು ಹಾನಗಲ್ಲಿನ ಸೊಸೆ.

“ಬಾಯಾರ, ವಿಡಿಯೋದಾಗ ಮಗಳ ಬಾಯಿ ಆಡೂದು ಕಾಣ್ತೈತಿ. ಏನಂತಾಳೋ ಅಲ್ಲಾಗ ಗೊತ್ತು. ನಾನೂ ಹೂಂ ಹೂಂ ಅಂತೇನಿ. ಮೊನ್ನೆ ಅತ್ತಿ ಬಿದ್ದು ಕಾಲು ಮುರಕೊಂಡಾಳ ಅಂದಿದ್ಲಂತ, ನಾ ನಕ್ಕೊಂತ ಹೂಂ ಅಂದೇನಿ.”

ಮಾತನ್ನು ತಾನೇ ಅಕ್ಷರವಾಗಿಸುವ ಸೌಲಭ್ಯವನ್ನು ಮೊದಲು ಹಾಕಿಕೊಟ್ಟೆ. ಪುಸ್ತಕದಂತೆ ಮಾತಾಡಿದರೆ ಅದು ಬರೆಯುತ್ತಿತ್ತು. ಅಪ್ಪ ಮಗಳ ಮಾತು ಅರ್ಧ ಉರ್ದು, ಅರ್ಧ ನಮ್ಮ ಕಡೆಯ ಕನ್ನಡ. ಅದಕ್ಕೆ ಆ ಯಂತ್ರ ತಬ್ಬಿಬ್ಬಾಯಿತು. ಆಮೇಲೆ ನನ್ನ ಹಳೆಯ ಕೆಲಸಕ್ಕೇ ಕೂತೆ. ಇಂಟರ್ನೆಟ್ ಕರೆಯಲ್ಲಿ ಮೂವರೂ ಸೇರುವುದು. ಮಗಳು ಆಡಿದ್ದನ್ನು ನಾನು ಕೇಳಿ ಟೈಪು ಮಾಡುವುದು. ಚಾಚಾ ಓದಿ ಬಾಯಿಂದ ಉತ್ತರಿಸುವುದು. ಕರೆ ಬಂದಾಗ ಅವರ ಫೋನಿನ ದೀಪ ಮಿನುಗುವಂತೆಯೂ ಮಾಡಿಕೊಟ್ಟೆ. ಆಪರೇಟರ್ ಲೈನಿನಲ್ಲಿ ತನ್ನ ಮಾತು ಆಡಬಾರದು, ಕೇಳಿದ್ದನ್ನು ಬಿಡಬಾರದು. ಇದು ನನಗೆ ಕಲಿಸಿದ್ದ ಶಿಸ್ತು.

ಒಂದು ಸಂಜೆ ಮಗಳು “ಚೊಲೋ ಅದೇನಿ ಅಬ್ಬಾ,” ಎಂದಳು. ಅಷ್ಟನ್ನೂ ಬರೆದೆ. ಅದರ ಕೆಳಗೆ ‘ಅಳು ಕೇಳಿಸುತ್ತಿದೆ’ ಎಂದೂ ಬರೆದೆ. ಮರುದಿನ ಚಾಚಾ ಗಿರಣಿ ಮುಚ್ಚಿ ಮೊದಲ ಬಸ್ಸಿಗೆ ಹಾನಗಲ್ಲಿಗೆ ಹೋದರು. ಎರಡನೆಯ ಬಸಿರೂ ನಿಂತಿರಲಿಲ್ಲ. ಮಗಳು ಅದನ್ನು ಮುಚ್ಚಿಟ್ಟಿದ್ದಳು.

“ಅದನ್ಯಾಕ ಬರದ್ರಿ ಬಾಯಾರ?” ಎಂದು ಆಕೆ ಆಮೇಲೆ ಸವಣೂರಿಗೆ ಬಂದಾಗ ನನ್ನನ್ನು ಕೇಳಿದಳು.

“ಕೇಳಿಸ್ತು, ಬರದೆ,” ಎಂದೆ.

ಚಾಚಾ ಮಾತ್ರ ಹಾನಗಲ್ಲಿನಿಂದ ಬಂದವರೇ ಎರಡು ಸೇರು ಹಿಟ್ಟು ತಂದಿಟ್ಟರು. “ನನ್ನ ಕಿವಿ ಈಗ ನಿಮ್ಮ ಬೆರಳಾಗ ಅದಾವ್ರಿ. ಜ್ವಾಕಿ ಮಾಡ್ರಿ,” ಎಂದರು.

ಸುದ್ದಿ ಹಬ್ಬಿತು. ಹಿರೇಕೆರೂರಿನ ಕಿವುಡ ಪೋಸ್ಟ್‌ಮನ್ ಒಬ್ಬರು, ಶಿಗ್ಗಾವಿಯಲ್ಲಿ ಕೌದಿ ಹೊಲಿಯುವ ಹೆಂಗಸೊಬ್ಬಳು ಸೇರಿಕೊಂಡರು. ನಾನು ವೇಳೆ ಕಟ್ಟಿದೆ. ಅವರಿಬ್ಬರಿಗೆ ಬೆಳಿಗ್ಗೆ ಏಳರಿಂದ ಎಂಟು, ಚಾಚಾಗೆ ಸಂಜೆ ಐದರಿಂದ ಆರು. ಮಧ್ಯಾಹ್ನ ಒಂದರಿಂದ ಐದರವರೆಗೆ ನನ್ನ ಫೋನು ಸದ್ದಡಗಿ ಕಪಾಟಿನಲ್ಲಿರುತ್ತಿತ್ತು. ಒಮ್ಮೆ ಚಾಚಾ ಒಂದಕ್ಕೆ ಹತ್ತು ನಿಮಿಷವಿದ್ದಾಗ ಕರೆದರು, ಗ್ಯಾಸ್ ಸಿಲಿಂಡರಿಗೆ ಹೇಳಬೇಕಿತ್ತು. ನಾನು ಊಟಕ್ಕೆ ಕೂತಿದ್ದೆ. ‘ಇದು ನಿಮ್ಮ ವೇಳೆ ಅಲ್ಲ. ಐದಕ್ಕೆ ಬನ್ನಿ’ ಎಂದು ಬರೆದು ಕಳಿಸಿದೆ. ಸಂಜೆ ಅವರೇ ಮನೆಗೆ ಬಂದರು.

“ತಪ್ಪಾತ್ರಿ. ನಿಮ್ಮಲ್ಲೂ ಪಾಳಿ ಐತಿ ಅನ್ನೂದು ಮರತಿದ್ದೆ. ಇನ್ನ ಮ್ಯಾಲ ಗಡಿಯಾರ ನೋಡೇ ಬಟನ್ ಒತ್ತೇನಿ.”

ನನಗೆ ಆಗ ಅದು ಒಳ್ಳೆಯ ಮಾತಾಗಿ ಕೇಳಿಸಿತು. ಆಮೇಲೆ ಅವರು ಒಮ್ಮೆಯೂ ವೇಳೆ ಮೀರಲಿಲ್ಲ.

ಆ ಗುರುವಾರ ಐದಕ್ಕೆ ಕಪಾಟು ತೆರೆದು ಲೈನು ಹಚ್ಚಿದೆ. ಮಗಳು ಬಂದಳು. ಚಾಚಾ ಬರಲಿಲ್ಲ. ಕಾಯುತ್ತಿರುವಾಗ ತೆರೆಯ ಮೇಲೆ ಅವರ ಸಂದೇಶ ಕಂಡಿತು. ಮೂರು ಹತ್ತಕ್ಕೆ ಕಳಿಸಿದ್ದು:

‘ಬಾಯಾರ ಎದಿ ಹಿಡದಂಗ ಆಗೇತಿ. ಐದಕ್ಕ ನೀವು ಬಂದ ಮ್ಯಾಲ ದವಾಖಾನಿಗೆ ಫೋನ್ ಮಾಡಿಕೊಡ್ರಿ. ನಾ ಮಾಡಿದ್ರ ಅವರು ಕೇಳೂದು ನನಗ ತಿಳಿಯಾಂಗಿಲ್ಲ. ಅವಸರಿಲ್ಲ.’

ಫೋನು ಕೈಯಲ್ಲಿಟ್ಟುಕೊಂಡೇ ಓಡಿದೆ. ಮಗಳು ಲೈನಿನಲ್ಲೇ ಇದ್ದಳು. “ಯಾಕ ಏದುಸಿರು ಬಿಡಾಕತ್ತೀರಿ ಬಾಯಾರ? ಎಲ್ಲಿಗೆ ಹೊಂಟೀರಿ?” ಎನ್ನುತ್ತಿದ್ದಳು. ಗಿರಣಿಯ ಶಟರು ಅರ್ಧ ಇಳಿದಿತ್ತು. ಮೋಟಾರು ಭೋರ್ಗರೆಯುತ್ತಿತ್ತು. ಆ ಸದ್ದು ಕೇಳಿ ಓಣಿಯವರು ಚಾಚಾ ಬೀಸುತ್ತಿದ್ದಾರೆ ಎಂದೇ ತಿಳಿದಿದ್ದರು. ಬಂದವರು ಡಬ್ಬಿಯನ್ನು ಶಟರಿನ ಹೊರಗೇ ಸಾಲಿಗಿಟ್ಟು ಹಾಗೆಯೇ ಹಿಂತಿರುಗಿದ್ದರು. ಒಳಗೆ ಕಾಳಿಲ್ಲದೆ ಕಲ್ಲು ಕಲ್ಲನ್ನೇ ಅರೆದು ಸುಟ್ಟ ವಾಸನೆ. ಚಾಚಾ ಚೀಲಗಳಿಗೆ ಒರಗಿ ಕೂತಿದ್ದರು. ತೊಡೆಯ ಮೇಲಿನ ಫೋನಿನ ದೀಪ ನನ್ನ ಕರೆಗೆ ಮಿನುಗುತ್ತಿತ್ತು. ಕೈ ಮುಟ್ಟಿ ನೋಡಿದೆ. ತಣ್ಣಗಿತ್ತು.

ಮೋಟಾರು ನಿಲ್ಲಿಸಿದೆ.

“ಗಿರಣಿ ಯಾಕ ಬಂದ್ ಆತು?” ಮಗಳು ಕೇಳಿದಳು. “ಅಬ್ಬಾ ಎಲ್ಲಿ ಅದಾನ?”

ಆ ಲೈನಿನಲ್ಲಿ ನಾನು ಮೊದಲ ಸಲ ನನ್ನ ಸ್ವಂತ ಮಾತು ಆಡಿದೆ. “ನಿಮ್ಮ ಅಬ್ಬಾ ಹೋಗ್ಯಾರವ್ವಾ. ನೀ ಹೊಂಡು.”

ಡಾಕ್ಟರು ಬಂದು ನೋಡಿ, ಜೀವ ಹೋಗಿ ಒಂದು ತಾಸಿಗೂ ಮೇಲಾಗಿದೆ ಎಂದರು. “ಮೂರೂವರೆಗೆ ಕರಕೊಂಡು ಬಂದಿದ್ರ?” ಎಂದು ಕೇಳಿದೆ. ಅವರು ಚೀಲ ಮುಚ್ಚಿಕೊಂಡರು.

ಮಗಳು ಬಂಕಾಪುರದ ಮೇಲೆ ಹಾಯ್ದು ಏಳೂವರೆಗೆ ಮುಟ್ಟಿದಳು. ಅತ್ತು ಮುಗಿದ ಮೇಲೆ ನನ್ನ ಬಳಿ ಬಂದು, ಅಬ್ಬಾ ಏನಾದರೂ ಹೇಳಿದರೇ ಎಂದು ಕೇಳಿದಳು. ಫೋನು ಕೊಟ್ಟೆ. ಓದಿದಳು.

“ಇದು ಬಂದದ್ದು ಮೂರು ಹತ್ತಕ್ಕ?”

“ಹೌದು.”

“ನೀವು ನೋಡಿದ್ದು?”

“ಐದಕ್ಕ.”

ಆಕೆ ಬೈದಿದ್ದರೆ ಹಗುರವಾಗುತ್ತಿತ್ತು. ಫೋನನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟು, ಹೆಂಗಸರ ನಡುವೆ ಹೋಗಿ ಕೂತಳು.

ಮನೆಗೆ ಬಂದು ಕೈಕಾಲು ತೊಳೆದೆ. ಉಗುರಿನ ಸಂದಿನ ಹಿಟ್ಟು ಬೇಗ ಬಿಡಲಿಲ್ಲ. ಎಕ್ಸ್‌ಚೇಂಜಿನಲ್ಲಿ ಕೂಡದೆ ಉಳಿದ ಪ್ರತಿ ಕರೆಗೂ ಕಾರಣ ಬರೆಯದೆ ಡ್ಯೂಟಿ ಮುಗಿಯುತ್ತಿರಲಿಲ್ಲ: ‘ಲೈನು ಕೆಟ್ಟಿದೆ’, ‘ಆ ಕಡೆಯವರು ಎತ್ತಲಿಲ್ಲ’, ಹೀಗೆ ಏನಾದರೊಂದು. ನೋಟ್‌ಬುಕ್ ತೆಗೆದು ದಿನ, ವೇಳೆ, ಚಾಚಾ ಅವರ ನಂಬರು ಬರೆದೆ. ಕಾರಣದ ಜಾಗದಲ್ಲಿ ‘ಆಪರೇಟರ್ ಹಾಜರಿರಲಿಲ್ಲ’ ಎಂದು ಬರೆದು, ಕೆಳಗೆ ಸಹಿ ಮಾಡಿದೆ.