ಅಸರ್ ಕಳೆದ ಮೇಲಿನ ನಮಾಝ್

ಯಾರಾದರೂ ನನ್ನನ್ನು ಧರ್ಮನಿಷ್ಠನೆಂದು ಹೊಗಳಿದರೆ ನನಗೆ ಕೆಮ್ಮು ಬರುತ್ತದೆ. ಅಬುಧಾಬಿಯಲ್ಲಿ ವರ್ಷವಿಡೀ ಎ.ಸಿ. ಕೆಳಗೆ ಬದುಕುವವರಿಗೆ ಕೆಮ್ಮು ಹೊಸದಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಹೊಗಳುವವರಲ್ಲಿ ಮೊದಲಿಗರು ಇಲ್ಲೇ ಇರುವ ನನ್ನ ಹೆಂಡತಿಯ ಅಣ್ಣ ಅಬೂಬಕ್ಕರ್ ಭಾವ. ತಮ್ಮ ಗಂಡುಮಕ್ಕಳು ಬೆಳಗಿನ ನಮಾಝಿಗೆ ಏಳದಿದ್ದರೆ ಅವರು, "ನಿಮ್ಮ ಮಾಮನನ್ನು ನೋಡಿ ಕಲೀರಿ, ಒಂದು ವಕ್ತ್ ತಪ್ಪಿಸಿದ್ದುಂಟಾ?" ಎಂದು ಬೈಯುತ್ತಾರಂತೆ. ಹೆಂಡತಿ ಝುಬೈದಾ ಇದನ್ನು ಹೆಮ್ಮೆಯಿಂದ ನನಗೆ ವರದಿ ಮಾಡುತ್ತಾಳೆ. ನಾನು ಕೆಮ್ಮುತ್ತೇನೆ. ಅವಳು ಶುಂಠಿ ಹಾಕಿದ ಚಹಾ ತಂದುಕೊಡುತ್ತಾಳೆ. ಹೀಗೆ ಕಾಯಿಲೆಯಲ್ಲದ ಕೆಮ್ಮಿಗೆ ನಾನು ಕುಡಿದ ಶುಂಠಿ ಚಹಾಕ್ಕೆ ಮಿತಿಯಿಲ್ಲ.

ನಿಜ ಸಂಗತಿ ಬೇರೆ. ಮೀಸೆ ಬಂದಂದಿನಿಂದ ತಲೆ ನರೆಯತೊಡಗುವವರೆಗೆ ನಾನು ತಪ್ಪಿಸಿದ ನಮಾಝುಗಳು ಎಷ್ಟೆಂದು ನನಗೇ ಗೊತ್ತಿಲ್ಲ. ಹೊತ್ತಿಗೆ ಮಾಡದೆ ಬಿಟ್ಟ ಕಡ್ಡಾಯ ನಮಾಝನ್ನು ಆಮೇಲೆ ಮಾಡಿ ತೀರಿಸುವುದಕ್ಕೆ ನಮ್ಮ ಕರಾವಳಿಯ ಬ್ಯಾರಿಗಳು ಖಳಾ ಮಾಡುವುದು ಎನ್ನುತ್ತೇವೆ. ಬಸ್ಸು ತಪ್ಪಿದರೆ ಮುಂದಿನ ಬಸ್ಸಿದೆ ಎಂಬಂತೆ ನಾನು ಆ ಮಾತಿನ ಮೇಲೆ ಭಾರ ಹಾಕಿ ಯೌವನ ಕಳೆದೆ. ಮುಂದಿನ ಬಸ್ಸಿಗೆ ಹಿಂದಿನ ಬಸ್ಸಿನವರೆಲ್ಲ ಹತ್ತಬೇಕಾಗುತ್ತದೆ ಎಂಬುದು ಹೊಳೆದದ್ದು ಮೊಣಕಾಲು ನೋಯಲು ಶುರುವಾದ ಮೇಲೆ.

ಊರಿನಲ್ಲಾದರೆ ಮಳೆ, ಜ್ವರ, ಮದುವೆ ಮನೆ ಎಂದು ನೆಪ ಹುಡುಕಬಹುದು. ಅಬುಧಾಬಿಯಲ್ಲಿ ನಮಾಝ್ ತಪ್ಪಿಸುವುದು ಅಷ್ಟು ಸುಲಭವಲ್ಲ. ಅದಕ್ಕೆ ಪರಿಶ್ರಮ ಬೇಕು. ಹಮ್ದಾನ್ ಸ್ಟ್ರೀಟಿನ ಹಿಂದಿರುವ ನಮ್ಮ ಫ್ಲ್ಯಾಟಿನ ಅಡುಗೆಮನೆ ಕಿಟಕಿಯಿಂದ ಕೈ ಚಾಚಿದರೆ ಮಸೀದಿಯ ಗೋಡೆ ಸಿಕ್ಕೀತು. ಬಾಂಗು ಮೊಳಗಿದರೆ ಒಲೆಯ ಮೇಲಿನ ಪಾತ್ರೆಯ ಮುಚ್ಚಳವೂ ಅದುರುತ್ತದೆ. ಮಾಲಿನಲ್ಲಿ ಶೌಚಾಲಯದಷ್ಟೇ ಸಲೀಸಾಗಿ ನಮಾಝಿನ ಕೋಣೆ ಸಿಗುತ್ತದೆ, ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲೂ ಇದೆ. ಇಷ್ಟೆಲ್ಲ ಸೌಕರ್ಯದ ನಡುವೆ, 'ಈ ಫೋನ್ ಮುಗಿಸಿ ಹೋಗುವೆ', 'ಆ ಪಾರ್ಟಿ ಬಂದು ಹೋಗಲಿ' ಎನ್ನುತ್ತಾ ಹೊತ್ತು ಮೀರಿಸಿದ್ದು ನನ್ನ ಸ್ವಂತ ಸಾಧನೆ. ಬಿಡಿಭಾಗಗಳ ಮಾರಾಟ ನನ್ನ ಕೆಲಸ. ಲಾರಿಯ ಬ್ರೇಕು ಸವೆದಿದ್ದನ್ನು ಸದ್ದಿನಲ್ಲೇ ಗುರುತಿಸುವ ನನಗೆ ನನ್ನದೇ ಸವಕಲು ಕೇಳಿಸಲಿಲ್ಲ.

ಕೊನೆಗೊಂದು ದಿನ, ಮಗಳು ರಿಝಾಳಿಗೆ ಹಿಂದೆ ಕುರ್‌ಆನ್ ಕಲಿಸುತ್ತಿದ್ದ ಪುತ್ತೂರಿನ ಉಸ್ತಾದರ ಬಳಿ ಹೋದೆ. "ನನ್ನೊಬ್ಬ ಗೆಳೆಯನಿದ್ದಾನೆ" ಎಂದು ಶುರು ಮಾಡಿದೆ. ಗೆಳೆಯನ ದುರವಸ್ಥೆಯನ್ನು ವಿವರವಾಗಿ ಹೇಳಿದೆ. ಬಹುಶಃ ಬೇಕಾದ್ದಕ್ಕಿಂತ ಹೆಚ್ಚೇ ವಿವರವಾಗಿ. ಉಸ್ತಾದರು, "ನಿಮ್ಮ ಗೆಳೆಯರಿಗೆ ಮೊಣಕಾಲು ನೋವು ಉಂಟಾ?" ಎಂದು ಕೇಳಿದಾಗ ನನ್ನ ಕೈ ತಾನಾಗಿಯೇ ಮೊಣಕಾಲಿನ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಕತೆ. ಅವರು ನಗಲಿಲ್ಲ, ಅದೇ ಕಷ್ಟವಾದದ್ದು.

"ಸರಿಯಾದ ಕಾರಣ ಇಲ್ಲದೆ ಬಿಟ್ಟದ್ದು ಅಲ್ವಾ? ಹಾಗಾದ್ರೆ ಸುನ್ನತ್ ಎಲ್ಲ ಬದಿಗಿಡ್ಲಿಕ್ಕೆ ಹೇಳಿ. ಮೊದ್ಲು ಖಳಾ ತೀರಿಸ್ಲಿ" ಎಂದರು. ಸುನ್ನತ್ ಎಂದರೆ ಕಡ್ಡಾಯವಲ್ಲದ, ಹೆಚ್ಚಿನ ಪುಣ್ಯಕ್ಕಾಗಿ ಮಾಡುವ ನಮಾಝುಗಳು.

ನಾನು ಚಾಪೆಯ ಕೆಳಗೆ ನುಸುಳಿದೆ. ಪ್ರಯಾಣಿಕನಿಗೆ ನಾಲ್ಕು ರಕಅತಿನ, ಅಂದರೆ ನಾಲ್ಕು ಸುತ್ತಿನ, ನಮಾಝನ್ನು ಎರಡಕ್ಕೆ ಇಳಿಸುವ ರಿಯಾಯಿತಿ ಇದೆಯಲ್ಲ. ಕೆಲಸದ ಮೇಲೆ ಆಗಾಗ ಅಬುಧಾಬಿಯಿಂದ ದುಬೈಯ ರಾಸ್ ಅಲ್ ಖೋರಿಗೆ ಹೋಗುವವ ನಾನು. ದಾರಿಯಲ್ಲೇ ಖಳಾ ಮಾಡಿದರೆ ಅರ್ಧದಲ್ಲಿ ಮುಗಿಯಲಿಕ್ಕಿಲ್ಲವೇ, ಅಂದರೆ, ಗೆಳೆಯನಿಗೆ? ಉಸ್ತಾದರು ರಂಗೋಲಿಯ ಕೆಳಗೆ ನುಸುಳಿದರು. "ಮನೆಯಲ್ಲಿ ಕೂತು ಬಿಟ್ಟದ್ದನ್ನು ದಾರಿಯಲ್ಲಿ ಅರ್ಧ ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ ಮಾರಾಯ್ರೆ. ಪೂರ್ತಿಯೇ ಆಗ್ಬೇಕು."

ಎದ್ದು ಹೊರಡುವಾಗ ಅವರು ಒಂದು ಅನುಕೂಲವನ್ನೂ ಹೇಳಿದರು. ಖಳಾಕ್ಕೆ ಹೊತ್ತಿನ ಕಟ್ಟಿಲ್ಲ. ಅಸರ್ ಮುಗಿದ ಮೇಲೆ ಮಗ್ರಿಬಿನವರೆಗೆ, ಅಂದರೆ ಇಳಿಹಗಲಿನಿಂದ ಸೂರ್ಯ ಮುಳುಗುವವರೆಗೆ, ಸುಮ್ಮನೆ ಸುನ್ನತ್ ನಮಾಝ್ ಮಾಡುವ ಕ್ರಮ ನಮ್ಮಲ್ಲಿಲ್ಲ. ಖಳಾ ಮಾತ್ರ ಆಗಲೂ ಮಾಡಬಹುದು. ಕೆಲಸ ಮುಗಿಸಿ ಬಂದವನಿಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆದರೆ ನನಗೆ ಆ ಹೊತ್ತನ್ನು ಕಂಡರೇ ಭಯ. ಅಸರ್ ಕಳೆದ ಮೇಲೆ ಒಬ್ಬ ನಮಾಝಿಗೆ ಕೈಕಟ್ಟಿ ನಿಂತಿದ್ದಾನೆ ಎಂದರೆ, ಒಂದೋ ಅವನು ಅಸರಿಗೇ ತಡವಾಗಿ ಬಂದವನು, ಇಲ್ಲವೇ ನನ್ನಂಥವನು. ನೋಡುವವರಿಗೆ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ನಾನು ಆ ಹೊತ್ತೊಂದನ್ನು ಬಿಟ್ಟು, ಕೋಣೆಯ ಬಾಗಿಲು ಹಾಕಿಕೊಂಡು, ಆಫೀಸಿನ ಗೋದಾಮಿನಲ್ಲಿ ಟಯರುಗಳ ಮರೆಯಲ್ಲಿ, ಕದ್ದು ಬೀಡಿ ಸೇದುವವರ ಹಾಗೆ ಖಳಾ ಮಾಡತೊಡಗಿದೆ.

ಇಲ್ಲಿ ಝುಬೈದಾಳ ವಿಷಯ ಸ್ವಲ್ಪ ಹೇಳಬೇಕು. ಹೆಂಗಸರಿಗೆ ತಿಂಗಳ ದಿನಗಳಲ್ಲಿ ನಮಾಝೂ ಇಲ್ಲ, ಉಪವಾಸವೂ ಇಲ್ಲ. ನಮಾಝನ್ನು ಮತ್ತೆ ತೀರಿಸಬೇಕಾಗಿಲ್ಲ, ರಮಳಾನಿನಲ್ಲಿ ಬಿಟ್ಟ ಉಪವಾಸವನ್ನು ತೀರಿಸಬೇಕು. ಅದು ಅವರ ತಪ್ಪೇ ಅಲ್ಲ. ಆದರೂ ಪೆರ್ನಾಲ್ ಹಬ್ಬದ ಬಿರಿಯಾನಿಯ ಪಾತ್ರೆ ತೊಳೆದಿಡುವುದರೊಳಗೆ ಝುಬೈದಾ, "ನನ್ನ ಉಪವಾಸ ಖಳಾ ಉಂಟು, ನಾಳೆಯಿಂದ ಶುರು" ಎಂದು ಸಾರುತ್ತಾಳೆ. ಪಕ್ಕದ ಫ್ಲ್ಯಾಟಿನವರಿಗೆ ಗೊತ್ತು, ಫೋನಿನಲ್ಲಿ ಊರಿನ ನಾದಿನಿಗೆ ಗೊತ್ತು. ಅವಳು ಉಪವಾಸ ಹಿಡಿದು ನನಗೆ ಮಧ್ಯಾಹ್ನದ ಊಟ ಬಡಿಸುತ್ತಾಳೆ. ತಪ್ಪಿಲ್ಲದವಳು ಊರಿಗೆಲ್ಲ ಹೇಳಿ ತೀರಿಸುತ್ತಾಳೆ, ತಪ್ಪು ಮಾಡಿದವನು ಅವಳೆದುರು ಮೀನು ಸಾರು ಸುರಿಯುತ್ತಾ ಧರ್ಮನಿಷ್ಠನಾಗಿ ಕೂತಿರುತ್ತಾನೆ. ಆ ಊಟ ಗಂಟಲಿನಲ್ಲಿ ಇಳಿಯುವುದು ಎಷ್ಟು ಕಷ್ಟವೆಂದು ಯಾರಿಗೆ ಹೇಳಲಿ? ಆದರೂ ಇಳಿಯುತ್ತದೆ, ಅದು ಬೇರೆ ಮಾತು.

ಕಳೆದ ರಮಳಾನಿಗೆ ಬರೋಣ. ರಾತ್ರಿಯ ಇಶಾ ನಮಾಝಿನ ನಂತರ ಆ ತಿಂಗಳು ಮಾತ್ರ ಮಾಡುವ ಸುನ್ನತ್ ನಮಾಝಾದ ತರಾವೀಹನ್ನು ನಮ್ಮ ಬೀದಿಯ ಮಸೀದಿಯಲ್ಲಿ ಎಂಟು ರಕಅತಿಗೆ ಮುಗಿಸುತ್ತಾರೆ. ಝುಬೈದಾಳಿಗೆ ಇಪ್ಪತ್ತಾಗದೆ ಸಮಾಧಾನವಿಲ್ಲ. ಹಾಗಾಗಿ ಮನೆಯಲ್ಲೇ ಜಮಾಅತ್. ನಾನು ಇಮಾಮ್, ಹಿಂದೆ ಅವಳು ಮತ್ತು ಮಗಳು. ಈಗ ನನ್ನ ಸಂಕಟ ನೋಡಿ. ಖಳಾ ಬಾಕಿ ಇರುವವ ತರಾವೀಹ್ ಮಾಡುವ ಹಾಗಿಲ್ಲ, ಮಾಡುವುದಿಲ್ಲ ಎಂದರೆ ಯಾಕೆಂದು ಹೇಳಬೇಕು. ಉಸ್ತಾದರಿಗೆ ಫೋನ್ ಮಾಡಿದೆ, ಗೆಳೆಯನ ಪರವಾಗಿ. "ಮುಂದೆ ನಿಂತವರು ಖಳಾ ನಿಯ್ಯತ್ ಮಾಡಿದ್ರೂ ಹಿಂದಿನವರ ತರಾವೀಹಿಗೆ ತೊಂದ್ರೆ ಇಲ್ಲ" ಎಂದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ತರಾವೀಹ್ ಎರಡೆರಡು ರಕಅತ್. ಬೆಳಗಿನ ಸುಬಹಿಯೂ ಎರಡೇ. ನಾನು ಮನಸ್ಸಿನಲ್ಲಿ ಸುಬಹಿಯ ಖಳಾ ಎಂದು ಸಂಕಲ್ಪಿಸಿ ನಿಲ್ಲುತ್ತಿದ್ದೆ, ಹಿಂದಿನವರು ತರಾವೀಹ್ ಎಂದು. ಸುಬಹಿಯಲ್ಲಿ ನಾವು ಓದುವ ಕುನೂತ್ ಎಂಬ ಪ್ರಾರ್ಥನೆಯೊಂದಿದೆ. ಅದನ್ನು ಓದಿದರೆ ಗುಟ್ಟು ರಟ್ಟು. ಅದನ್ನು ನುಂಗಿಬಿಡುತ್ತಿದ್ದೆ. ದೇವರ ಎದುರು ನಿಂತು ಹೆಂಡತಿಯ ಹೆದರಿಕೆಯಿಂದ ಪ್ರಾರ್ಥನೆ ನುಂಗಿದ ಇಮಾಮ ಬೇರೆಲ್ಲಾದರೂ ಇದ್ದಾನೋ ನನಗೆ ತಿಳಿಯದು.

ಹೀಗೆ ಸುಬಹಿಗಳೇನೋ ಕರಗತೊಡಗಿದವು. ನಾಲ್ಕು ರಕಅತಿನ ಮಧ್ಯಾಹ್ನದ ಲುಹರ್, ಅಸರುಗಳಿಗೆ ಗೋದಾಮಿನ ಟಯರುಗಳೇ ಗತಿ. ಅಭ್ಯಾಸಬಲ ಎಂಬುದು ಕೆಟ್ಟದ್ದು. ಒಂದು ದಿನ ಗೋದಾಮಿನಲ್ಲಿ ಲುಹರಿನ ಮೇಲೆ ಲುಹರ್ ಖಳಾ ಮಾಡಿ ಬಂದವನು, ಮನೆಯಲ್ಲಿ ತರಾವೀಹಿಗೆ ನಿಂತು, ಅದೇ ಗುಂಗಿನಲ್ಲಿ ಮನಸ್ಸಿನೊಳಗೆ 'ಲುಹರ್' ಎಂದು ನಿಯ್ಯತ್ ಮಾಡಿ ಕೈಕಟ್ಟಿಬಿಟ್ಟೆ. ಗೊತ್ತಾದದ್ದು ಎರಡನೆಯ ರಕಅತಿನ ಸುಜೂದಿನಲ್ಲಿ, ಹಣೆ ನೆಲದ ಮೇಲಿದ್ದಾಗ. ಕಡ್ಡಾಯ ನಮಾಝನ್ನು ಒಮ್ಮೆ ಹಿಡಿದರೆ ಕಾರಣವಿಲ್ಲದೆ ಮುರಿಯುವಂತಿಲ್ಲ. ಎರಡಕ್ಕೆ ಸಲಾಂ ಹೇಳಿ ಮುಗಿಸಿದರೆ ಹೆಂಡತಿ ಮಗಳ ಮುಂದೆ ಮಾನ ಉಳಿಯುತ್ತದೆ, ನಮಾಝ್ ಹಾಳಾಗುತ್ತದೆ. ನಾಲ್ಕು ಮಾಡಿದರೆ ನಮಾಝ್ ಉಳಿಯುತ್ತದೆ. ಹಣೆಯನ್ನು ಅಷ್ಟು ಹೊತ್ತು ನೆಲಕ್ಕೆ ಒತ್ತಿ ನಾನು ಎಂದೂ ಇದ್ದವನಲ್ಲ.

ಕೂತು, ಎದ್ದು, ಮೂರನೆಯದಕ್ಕೆ ನಿಂತೆ.

ಹಿಂದಿನಿಂದ ಚಪ್ಪಾಳೆ ಕೇಳಿತು. ಇಮಾಮ್ ತಪ್ಪಿದರೆ ಗಂಡಸರು ಬಾಯಿಬಿಟ್ಟು ಸುಬ್ಹಾನಲ್ಲಾಹ್ ಎನ್ನುತ್ತಾರೆ, ಹೆಂಗಸರು ಒಂದು ಕೈಯ ಹಿಂಬದಿಗೆ ಇನ್ನೊಂದು ಕೈ ತಟ್ಟಿ ಎಚ್ಚರಿಸಬೇಕು. ಝುಬೈದಾ ಮೆಲ್ಲಗೆ ತಟ್ಟಿದಳು, ಮರೆವಿನ ಗಂಡನನ್ನು ಎಬ್ಬಿಸುವಷ್ಟೇ. ನಾನು ಕೂರಲಿಲ್ಲ. ಎರಡನೆಯ ಸಲ ಜೋರಾಗಿ ತಟ್ಟಿದಳು. ನಾನು ಕೂರಲಿಲ್ಲ. ಮೂರನೆಯ ಸಲ ತಟ್ಟಲಿಲ್ಲ. ಅವರಿಬ್ಬರೂ ತಮ್ಮ ಎರಡನ್ನು ತಾವೇ ಮುಗಿಸಿ ಸಲಾಂ ಹೇಳಿ ಕೂತದ್ದು ಸದ್ದಿನಿಂದ ತಿಳಿಯಿತು. ಮಿಕ್ಕ ಎರಡು ರಕಅತ್ ನಾನೊಬ್ಬನೇ ನಿಂತೆ. ಬೆನ್ನಿಗೆ ಕಣ್ಣಿಲ್ಲ ಎನ್ನುವುದು ಸುಳ್ಳು. ಆ ಹೊತ್ತು ನನ್ನ ಬೆನ್ನಿಗೆ ಎಲ್ಲವೂ ಕಾಣುತ್ತಿತ್ತು.

ಸಲಾಂ ಹೇಳಿದ ಮೇಲೆ ಇಮಾಮ್ ಹಿಂದಿನವರ ಕಡೆ ತಿರುಗಿ ಕೂರುವುದು ಪದ್ಧತಿ. ನಾನು ತಿರುಗಲಿಲ್ಲ.

"ಅಪ್ಪ, ಯು ಡಿಡ್ ಫೋರ್!" ಎಂದಳು ರಿಝಾ.

"ನೀನು ಹೋಗಿ ನೀರು ತಾ" ಎಂದಳು ಅವಳ ತಾಯಿ. ಆಮೇಲೆ, ಮೀನು ಮಾರ್ಕೆಟಿನಲ್ಲಿ ಬೂತಾಯಿಯನ್ನು ವಿಚಾರಿಸುವ ಅದೇ ಸ್ವರದಲ್ಲಿ ಕೇಳಿದಳು: "ತುಂಬ ಉಂಟಾ?"

"ಉಂಟು" ಎಂದೆ ಗೋಡೆಗೆ.

"ನನ್ನ ಹತ್ರ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

ಮಾಡಿದ ಪಾಪವನ್ನು ಡಂಗುರ ಸಾರಬಾರದು, ದೇವರು ಮುಚ್ಚಿಟ್ಟದ್ದನ್ನು ನಾವು ಬಿಚ್ಚಬಾರದು ಎಂಬ ಮಾತು ನಮ್ಮಲ್ಲಿದೆ. ನಾನು ಅದನ್ನೇ ಗುರಾಣಿಯಂತೆ ಹಿಡಿದೆ. ಝುಬೈದಾ ಪೂರ್ತಿ ಕೇಳಿಸಿಕೊಂಡಳು.

"ಊರಿಗೆ ಹೇಳ್ಬೇಡಿ. ನಾನು ಹೇಳಿ ಅಂದ್ನಾ? ಆದ್ರೆ ನನ್ನಣ್ಣ ಹೊಗಳುವಾಗ ಸುಮ್ಮನೆ ಕೂತು ಚಾ ಕುಡೀಬೇಡಿ. ಬಾಗಿಲು ಹಾಕಿ ಖಳಾ ಮಾಡುವುದೂ ಬೇಡ. ನಾನೇನು ಬಾಗಿಲು ಹಾಕಿ ಉಪವಾಸ ಹಿಡೀತೇನಾ?"

ಉಳಿದ ತರಾವೀಹನ್ನು ಆ ದಿನ ಅವಳೇ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿದಳು. ನಾನು ಸೋಫಾದ ಆಚೆ ನನ್ನ ಪಾಡಿಗೆ ನಿಂತೆ. ಮರುದಿನ ಬೆಳಗ್ಗೆ ರಿಝಾಳನ್ನು ಸುಬಹಿಗೆ ಎಬ್ಬಿಸಲು ಹೋದವನು ಎಂದಿನಂತೆ ಬೈಯಲು ಬಾಯಿ ತೆರೆದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅವಳ ಕಾಲ ಹತ್ತಿರ ಸುಮ್ಮನೆ ಕೂತೆ. ಅವಳು ನನ್ನ ಮುಖ ನೋಡಿ ತಾನೇ ಎದ್ದುಹೋದಳು. ಬೈದು ಎಬ್ಬಿಸಿದ ದಿನಗಳೆಲ್ಲ ನೆನಪಾಗಿ ಅಲ್ಲೇ ಮುದುಡಿ ಕೂತಿದ್ದೆ.

ಪೆರ್ನಾಲ್ ಕಳೆಯಿತು. ಝುಬೈದಾ ತನ್ನ ಖಳಾ ಉಪವಾಸ ಹಿಡಿದಳು. ನಾನು ಕೆಲಸದಿಂದ ಬಂದು, ಮಸೀದಿಯಲ್ಲಿ ಅಸರ್ ಮುಗಿಸಿ, ಹಾಲಿನ ನಟ್ಟನಡುವೆ ಮುಸಲ್ಲ, ಅಂದರೆ ನಮಾಝಿನ ಚಾಪೆ, ಹಾಸತೊಡಗಿದೆ. ನಾನು ಹೆದರುತ್ತಿದ್ದ ಅದೇ ಹೊತ್ತು, ಮುಂಬಾಗಿಲಿಗೆ ನೇರ ಎದುರು. ಅದು ಅವಳದೇ ಏರ್ಪಾಡು.

ಒಂದು ಸಂಜೆ ಹಾಗೆ ನಿಂತಿದ್ದಾಗಲೇ ಕರೆಗಂಟೆ ಸದ್ದಾಯಿತು. ಅಲ್ ಮೀನಾದ ಮಾರ್ಕೆಟಿನಿಂದ ಮೀನು ಕೊಂಡು ಬಂದ ಅಬೂಬಕ್ಕರ್ ಭಾವ. "ಅಸರ್ ಕೆಳಗೇ ಮುಗಿಸಿ ಬಂದೆ" ಎನ್ನುತ್ತಾ ಒಳಗೆ ಕಾಲಿಟ್ಟವರು ನನ್ನನ್ನು ಕಂಡು ನಿಂತರು. "ಭಾವ ಕೆಳಗೆ ನಮ್ಮ ಸಾಲಿನಲ್ಲೇ ಇದ್ರಲ್ಲ. ಇದು ಎಂತ ನಮಾಝ್ ಈಗ?" ಎಂದು ತಂಗಿಯನ್ನು ಕೇಳಿದರು.

"ಮುಗಿದ ಮೇಲೆ ಅವ್ರನ್ನೇ ಕೇಳಿ ಕಾಕ" ಎಂದು ಝುಬೈದಾ ಅಣ್ಣನ ಕೈಯಿಂದ ಮೀನಿನ ಚೀಲ ಇಸಿದುಕೊಂಡು ಒಳಗೆ ಹೋದಳು.

ನಾನು ಆ ನಮಾಝನ್ನು ಎಷ್ಟು ನಿಧಾನ ಮಾಡಬಹುದೋ ಅಷ್ಟು ನಿಧಾನ ಮಾಡಿದೆ. ಭಕ್ತಿಯಿಂದ ಎಂದು ತಿಳಿಯಬೇಡಿ. ಆದರೂ ನಾಲ್ಕು ರಕಅತ್ ಎಂಬುದು ಮುಗಿಯಲೇಬೇಕಲ್ಲ, ಮುಗಿಯಿತು. ಗಂಟಲಿನಲ್ಲಿ ಕೆಮ್ಮು ಸಿದ್ಧವಾಗಿ ನಿಂತಿತ್ತು. ಅದನ್ನು ನುಂಗಿ, ಈ ಸಲ ತಿರುಗಿ ಕೂತೆ.

"ಖಳಾ, ಭಾವ. ಹಿಂದಿನದ್ದು. ತುಂಬ ಉಂಟು. ಮಕ್ಕಳಿಗೆ ಇನ್ನು ನನ್ನ ಹೆಸರು ಹೇಳ್ಬೇಡಿ."

ಅವರು ಏನಾದರೂ ಬೈದಿದ್ದರೆ ಹಗುರಾಗುತ್ತಿತ್ತು. ಅವರು ಸೋಫಾದ ತುದಿಯಲ್ಲಿ ಕೂತು, ಟೋಪಿ ತೆಗೆದು, ಅದನ್ನು ಎರಡು ಕೈಯಲ್ಲಿ ತಿರುಗಿಸುತ್ತಾ ಕಾರ್ಪೆಟ್ ನೋಡುತ್ತಿದ್ದರು. ಆಮೇಲೆ ಟೋಪಿಯನ್ನು ಮತ್ತೆ ತಲೆಗೆ ಇಟ್ಟುಕೊಂಡು, ನನ್ನ ಮುಖ ನೋಡದೆ, ತುಂಬ ಸಣ್ಣ ಸ್ವರದಲ್ಲಿ ಕೇಳಿದರು:

"ಇನ್ನೊಂದು ಮುಸಲ್ಲ ಉಂಟಾ, ಭಾವ?"

ತಂದು ಹಾಸಿದೆ. ಯಾವುದರ ಖಳಾ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ರಿಝಾ ಕೋಣೆಯಿಂದ ಇಣುಕಿ, ಅಕ್ಕಪಕ್ಕ ನಿಂತ ನಮ್ಮಿಬ್ಬರನ್ನೂ ಗೋಡೆಯ ಗಡಿಯಾರವನ್ನೂ ನೋಡಿ, "ಉಮ್ಮ, ಇಟ್ಸ್ ನಾಟ್ ಈವನ್ ಪ್ರೇಯರ್ ಟೈಮ್!" ಎಂದಳು.

ಮೀನು ಕತ್ತರಿಸುತ್ತಿದ್ದ ಝುಬೈದಾ ಅಡುಗೆಮನೆಯಿಂದಲೇ ಹೇಳಿದಳು: "ನಿನ್ನ ಅಪ್ಪನಿಗೂ ಮಾವನಿಗೂ ಟೈಮ್ ಆದದ್ದು ಈಗ. ನೀನು ಟಿ.ವಿ. ಸಣ್ಣ ಮಾಡು."