ಬಾಗಿಲಿಗೆ ಹಚ್ಚಿದ ಬೂದಿ ಬಣ್ಣ

ಮನೆಗಳಿಗೆ ಬಣ್ಣ ಹಚ್ಚುವುದು ನನ್ನ ಕೆಲಸ. ಹೋದ ವರ್ಷ ಮೋರಟಗಿಯ ಒಂದು ಮನೆಯಲ್ಲಿ ಗಂಡ ಹೆಂಡತಿ ನನ್ನೆದುರಿಗೇ ಜಗಳಕ್ಕೆ ನಿಂತರು. ಗಂಡನಿಗೆ ನಡುಮನೆಯ ಗೋಡೆಗೆಲ್ಲ ಕಡು ಬೂದಿ ಬಣ್ಣ ಬೇಕು, ಹೆಂಡತಿಗೆ ತಿಳಿ ಕೆನೆ ಬಣ್ಣ. "ಕತ್ತಲಕೋಣಿ ಮಾಡ್ತೀರೇನು?" ಅಂತ ಆಕೆ, "ದವಾಖಾನಿ ಮಾಡ್ತೀಯೇನು?" ಅಂತ ಆತ.

ಮೂಲೆಯ ಕುರ್ಚಿಯಲ್ಲಿ ಆತನ ತಾಯಿ ಕೂತಿದ್ದರು. ಅವರ ಕಣ್ಣು ಬಹಳ ಮಂದವಾಗಿತ್ತು. "ನಿಮಗ್ಯಾವ್ದು ಬೇಕ್ರಿ ಅವ್ವಾರ?" ಅಂತ ನಾನು ಸುಮ್ಮನೆ ಕೇಳಿದೆ.

"ಈಗ ಗ್ವಾಡಿನೂ ಬಿಳಿ, ಬಾಗಲಾನೂ ಬಿಳಿ. ಅಡಗಿಮನಿ ಬಾಗಲಾ ಎಲ್ಲೈತಿ ಅಂತ ನನಗ ತಿಳಿಯೂದಿಲ್ಲಪ. ಯಾರದರ ಕೈ ಹಿಡೀಬೇಕು," ಅಂದರು.

ಜಗಳ ಅಲ್ಲಿಗೇ ನಿಂತಿತು. "ಗ್ವಾಡಿಗೆ ಕೆನಿ ಬಣ್ಣ ಇರ್ಲಿ, ಬಾಗಲಕ್ಕ, ಚೌಕಟ್ಟಿಗೆ ಬೂದಿ ಬಣ್ಣ ಹಚ್ತೇನ್ರಿ," ಅಂದೆ. ಇಬ್ಬರೂ ಹೂಂ ಅಂದರು.

ಬಣ್ಣ ಒಣಗಿದ ಮೇಲೆ ಅವ್ವಾರನ್ನು ಕರೆದೆವು. ಸೊಸೆ ಕೈ ಹಿಡಿಯಲು ಹೋದರೆ, "ಬಿಡವಾ, ಕಾಣಾಕತ್ತೈತಿ," ಅಂದು ಒಬ್ಬರೇ ನಡೆದರು. ಎಲ್ಲೂ ತಡವರಿಸದೆ ಚೌಕಟ್ಟು ದಾಟಿ ಅಡುಗೆಮನೆಗೆ ಹೋದರು. ಬ್ರಷ್ಷು ಹಿಡಿದುಕೊಂಡೇ ನಾನು ನಿಂತುಬಿಟ್ಟೆ. ನನ್ನ ಕೆಲಸವನ್ನು ಎಷ್ಟೋ ಮಂದಿ ಹೊಗಳಿದ್ದಾರೆ, ಆದರೆ ಎದೆ ಇಷ್ಟು ಉಬ್ಬಿದ್ದು ಅವತ್ತೇ.

ಸ್ವಲ್ಪ ಹೊತ್ತಿಗೆ ಅವರೇ ಚಹಾ ಮಾಡಿ ತಂದುಕೊಟ್ಟರು. ಸಕ್ಕರೆ ಹಾಕುವುದನ್ನು ಮರೆತಿದ್ದರು. ನಾನು ಅದನ್ನು ಹೇಳದೆ, "ಭಾಳ ಛಲೋ ಆಗೇತ್ರಿ," ಅಂದೆ. ಕೂಡಲೇ ಇನ್ನೊಂದು ಲೋಟ ಚಹಾ ಬಂತು.